ಅಣ್ಣನನ್ನು ಆಸ್ಪತ್ರೆಯಿಂದ ಎಲ್ಲಿಗೆ ಕರೆತರುವುದು?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆ, ಪೆರ್ಲದ ಹತ್ತಿರ. ನನ್ನ ಅಣ್ಣನಿಗೆ ಈಗ 58 ವರ್ಷ. ಸ್ಕಿಜೋಫ್ರೇನಿಯಾ ಇದೆ, ಜೊತೆಗೆ ಸಕ್ಕರೆ ಕಾಯಿಲೆ. ಹದಿನಾಲ್ಕು ವರ್ಷದಿಂದ ಕೇರಳದ ಒಂದು ಸರಕಾರಿ ಮಾನಸಿಕ ಆರೋಗ್ಯ ಕೇಂದ್ರದಲ್ಲಿದ್ದಾನೆ. ಸೇರಿಸುವ ಮೊದಲು ಬೈಹುಲ್ಲಿನ ರಾಶಿಗೆ ಬೆಂಕಿ ಕೊಟ್ಟಿದ್ದ, ಅಪ್ಪನಿಗೆ ಹೊಡೆದಿದ್ದ. ಅಪ್ಪ ಅಮ್ಮ ಈಗಿಲ್ಲ. ತುಳು, ಕನ್ನಡ ಬಿಟ್ಟರೆ ಅವನಿಗೆ ಮಲಯಾಳ ಅಷ್ಟಕ್ಕಷ್ಟೇ. 'ಸುಧಾರಿಸಿದ್ದಾರೆ, ಕರೆದುಕೊಂಡು ಹೋಗಿ' ಎಂದು ಆಸ್ಪತ್ರೆಯವರು ಹೇಳುತ್ತಿದ್ದಾರೆ. ಮನೆಯಲ್ಲಿ ಸೊಸೆ, ಎರಡು ವರ್ಷದ ಮೊಮ್ಮಗು ಇದ್ದಾರೆ. ಸೊಸೆಗೆ ಹೆದರಿಕೆ. ಪುತ್ತೂರಿನಲ್ಲಿರುವ ತಂಗಿ, ಯಾವುದಾದರೂ ಆಶ್ರಮಕ್ಕೆ ಸೇರಿಸೋಣ ಅನ್ನುತ್ತಾಳೆ. ಯಾವ ಜಾಗ ಸರಿ?

ಉತ್ತರ: ಮನೆಯೋ ಆಶ್ರಮವೋ ಎಂದು ಈ ತಿಂಗಳೇ ತೀರ್ಮಾನಿಸಬೇಕು ಎಂಬ ಒತ್ತಡ ನಿಮ್ಮ ಪತ್ರದಲ್ಲಿ ಕಾಣುತ್ತಿದೆ. ಅಷ್ಟು ಅವಸರ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 19ನೇ ಸೆಕ್ಷನ್ ಈ ವಿಷಯವನ್ನು ಸ್ಪಷ್ಟವಾಗಿ ಹೇಳಿದೆ. ಮನೆಯವರಿಲ್ಲ, ಮನೆಯವರು ಒಪ್ಪುತ್ತಿಲ್ಲ, ಇರಲು ಮನೆ ಇಲ್ಲ, ಊರಿನಲ್ಲಿ ಸೌಕರ್ಯ ಇಲ್ಲ ಎಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಉಳಿಸಿಕೊಳ್ಳುವಂತಿಲ್ಲ. ಹೊರಗೆ ಬರುವುದು ನಿಮ್ಮ ಅಣ್ಣನ ಹಕ್ಕು. ಆದರೆ ಅದೇ ಸೆಕ್ಷನ್, ಹಾಫ್‌ವೇ ಹೋಮ್, ಗ್ರೂಪ್ ಹೋಮ್‌ನಂಥ ವ್ಯವಸ್ಥೆ (ಆಸ್ಪತ್ರೆಗೂ ಮನೆಗೂ ನಡುವೆ, ನೆರವಿನೊಂದಿಗೆ ಬದುಕುವ ಮನೆಗಳು) ಮಾಡುವ ಹೊಣೆಯನ್ನು ಸರಕಾರದ ಮೇಲೆ ಹಾಕಿದೆ. ಎಲ್ಲವನ್ನೂ ನಿಮ್ಮೊಬ್ಬರ ತಲೆಗೆ ಕಟ್ಟಿ ಗೇಟು ಹಾಕಿಕೊಳ್ಳುವಂತಿಲ್ಲ. ಬಿಡುಗಡೆಗೆ ಮೊದಲು ವೈದ್ಯರು ನಿಮ್ಮ ಅಣ್ಣನ ಜೊತೆಗೂ, ಅವರು ಯಾರ ಜೊತೆ ಇರಲಿದ್ದಾರೋ ಅವರ ಜೊತೆಗೂ ಕೂತು ಮುಂದಿನ ಚಿಕಿತ್ಸೆಯ ಯೋಜನೆ ಮಾಡಬೇಕು ಎಂದು 98ನೇ ಸೆಕ್ಷನ್ ಹೇಳುತ್ತದೆ. ಅಂಥದ್ದೊಂದು ಮಾತುಕತೆ ನಡೆದ ಬಗ್ಗೆ ನಿಮ್ಮ ಪತ್ರದಲ್ಲಿ ಏನೂ ಇಲ್ಲ. ಅದನ್ನು ಕೇಳಿ ಪಡೆಯಿರಿ.

ಇನ್ನು ನಿಮ್ಮ ಪ್ರಶ್ನೆ. ನೀವು 'ಯಾವ ಜಾಗ' ಎಂದು ಕೇಳುತ್ತೀರಿ. ಆಸ್ಪತ್ರೆಯಿಂದ ವರ್ಷಗಟ್ಟಲೆ ನಂತರ ಹೊರಬಂದವರ ಜೊತೆ ಕೆಲಸ ಮಾಡಿದ ನಾನು ಕೇಳುವುದು ಬೇರೆ: ಬೆಳಗ್ಗೆ ಏಳುವುದರಿಂದ ರಾತ್ರಿ ಮಲಗುವ ತನಕ ಅಣ್ಣನಿಗೆ ಯಾವ ಯಾವ ಹೊತ್ತಿಗೆ ಯಾರು ಬೇಕು? ಅದು ಗೊತ್ತಾದರೆ ಜಾಗದ ಪ್ರಶ್ನೆ ಅರ್ಧ ಬಗೆಹರಿದ ಹಾಗೆ. ಗೊತ್ತಾಗದೆ ಎಷ್ಟು ಒಳ್ಳೆಯ ಆಶ್ರಮಕ್ಕೆ ಸೇರಿಸಿದರೂ ಆರು ತಿಂಗಳಲ್ಲಿ ವಾಪಸ್ ಆಸ್ಪತ್ರೆ ಸೇರುವುದೇ ಜಾಸ್ತಿ.

ಒಂದು ದಿನ ವಾರ್ಡಿಗೆ ಹೋಗಿ. ವೈದ್ಯರ ಜೊತೆ ಮಾತಾಡಿದರೆ ಸಾಲದು, ಹಳೆಯ ನರ್ಸ್ ಅಥವಾ ಅಟೆಂಡರ್ ಹತ್ತಿರ ಕೂತು ಕೇಳಿ. ಅಣ್ಣ ತಾನಾಗಿ ಸ್ನಾನ ಮಾಡುತ್ತಾರಾ, ಹೇಳಿದ ಮೇಲೆ ಮಾಡುತ್ತಾರಾ? ಮಾತ್ರೆ ತಾವೇ ಕೇಳಿ ತೆಗೆದುಕೊಳ್ಳುತ್ತಾರಾ, ಬಾಯಿ ತೆರೆಸಿ ನೋಡಬೇಕಾ? ರಾತ್ರಿ ಎಷ್ಟು ಗಂಟೆ ನಿದ್ದೆ? ಇನ್ನೊಬ್ಬರು ತಟ್ಟೆಗೆ ಕೈ ಹಾಕಿದರೆ ಏನು ಮಾಡುತ್ತಾರೆ? ಯಾರ ಜೊತೆ ಮಾತಾಡುತ್ತಾರೆ? ಸುಮ್ನೆ ಕೂತಿರುತ್ತಾರಾ, ಏನಾದರೂ ಕೆಲಸ ಹಿಡಿಯುತ್ತಾರಾ? ಎಲ್ಲವನ್ನೂ ಬರೆದುಕೊಳ್ಳಿ. 'ಚೆನ್ನಾಗಿದ್ದಾರೆ' ಎಂಬ ಒಂದು ಮಾತು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ವಾರ್ಡಿನಲ್ಲಿ ಮಾಡುವುದೆಲ್ಲವನ್ನೂ ಹೊರಗೆ ಮಾಡಬಲ್ಲರು ಎಂದು ಅಂದುಕೊಳ್ಳಬೇಡಿ. ಹೀಗೆ ದೀರ್ಘಕಾಲ ಒಳಗಿದ್ದು ಬಂದ ಒಬ್ಬರು ನನಗೆ ಗೊತ್ತು. ಆಸ್ಪತ್ರೆಯಲ್ಲಿ ಎಲ್ಲರಿಗಿಂತ ಅಚ್ಚುಕಟ್ಟು ಅವರೇ. ಹೊರಗೆ ಬಂದ ಮೊದಲ ವಾರ ಬೆಳಗ್ಗೆ ಎದ್ದು ಹಾಸಿಗೆಯಲ್ಲೇ ಕೂತಿರುತ್ತಿದ್ದರು. ಯಾಕೆಂದರೆ ಗಂಟೆ ಹೊಡೆಯಲಿಲ್ಲ. ಅಂಗಡಿಗೆ ಕಳಿಸಿದಾಗ ಕೈಗೆ ಇನ್ನೂರು ರೂಪಾಯಿಯ ಹಳದಿ ನೋಟು ಬಂತು. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, 'ಇದು ಆಗುವುದಿಲ್ಲ, ಬೇರೆ ಕೊಡಿ' ಎಂದು ಅಂಗಡಿಯವನಿಗೇ ವಾಪಸ್ ಕೊಟ್ಟರು. ಆ ನೋಟು ಚಲಾವಣೆಗೆ ಬಂದದ್ದೇ 2017ರಲ್ಲಿ. ಅವರು ಅದಕ್ಕಿಂತ ಮೊದಲೇ ಒಳಗೆ ಹೋಗಿದ್ದವರು. ಅವರನ್ನು ನೋಡಿಕೊಳ್ಳುತ್ತಿದ್ದವರು ಇದನ್ನು ಕಾಯಿಲೆ ಎಂದುಕೊಂಡಿದ್ದರು. ನಿಮ್ಮ ಅಣ್ಣನಿಗೂ ಗ್ಯಾಸ್ ಒಲೆ, ಮೊಬೈಲು, ಬಸ್ಸಿನ ದರ, ಎಲ್ಲವೂ ಹೊಸತೇ. ಇವನ್ನು ಕಲಿಸಬಹುದು. ಕಲಿಯಲು ಸಮಯ ಬೇಕು, ಬೈಯದೆ ಹೇಳಿಕೊಡುವವರು ಬೇಕು.

ಈಗ ಬೆಂಕಿಯ ವಿಷಯ. ನಿಮ್ಮ ಸೊಸೆಯ ಹೆದರಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಪುಟ್ಟ ಮಗು ಇರುವ ಮನೆ. ಆದರೆ 'ಬೆಂಕಿ ಕೊಟ್ಟವನು' ಎಂದು ಊರು ಇಟ್ಟ ಹೆಸರಿನಿಂದ ಅಪಾಯ ಎಷ್ಟು ಎಂದು ಅಳೆಯಲು ಬರುವುದಿಲ್ಲ. ಆ ದಿನಗಳಲ್ಲಿ ಏನಾಗಿತ್ತು ನೆನಪು ಮಾಡಿಕೊಳ್ಳಿ. ಮಾತ್ರೆ ಬಿಟ್ಟು ಎಷ್ಟು ದಿನವಾಗಿತ್ತು? ನಿದ್ದೆ ಇತ್ತಾ? ಕುಡಿತ ಇತ್ತಾ? ಅಪ್ಪನ ಮೇಲೆ ಏನಾದರೂ ಸಂಶಯ ಇತ್ತಾ? ಕಿವಿಯಲ್ಲಿ ಯಾರೋ ಹೇಳಿದ ಹಾಗೆ ಆಗುತ್ತಿತ್ತಾ? ಈ ಹದಿನಾಲ್ಕು ವರ್ಷದಲ್ಲಿ ಯಾರಿಗಾದರೂ ಹೊಡೆದದ್ದು ಕೇಸ್ ಫೈಲಿನಲ್ಲಿ ಇದೆಯಾ, ಕೊನೆಯ ಸಲ ಯಾವಾಗ? ಹೆಚ್ಚಿನ ಕಡೆ ಉತ್ತರ ಒಂದೇ ತರಹ ಬರುತ್ತದೆ: ಮಾತ್ರೆ ನಿಂತು, ನಿದ್ದೆ ಕೆಟ್ಟು, ಸಂಶಯ ಏರಿ, ಯಾರೂ ಗಮನಿಸದೆ ಇದ್ದಾಗ ಆ ಘಟನೆ ನಡೆದಿರುತ್ತದೆ. ಹಾಗಿದ್ದರೆ ಕಾಯಬೇಕಾದದ್ದು ಮಾತ್ರೆ ಮತ್ತು ನಿದ್ದೆಯನ್ನು. ಎರಡು ರಾತ್ರಿ ನಿದ್ದೆ ಬಾರದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂಬುದು ಮೊದಲೇ ಬರೆದು ಗೋಡೆಗೆ ಅಂಟಿಸಿರಬೇಕು. 14416ಕ್ಕೆ ಕರೆ ಮಾಡಿದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಉಚಿತವಾಗಿ ಮಾತಾಡಬಹುದು. ಆದರೆ ಆ ನಂಬರಿನ ಜೊತೆ ಅಣ್ಣನನ್ನು ಬಲ್ಲ ಒಬ್ಬ ನರ್ಸ್ ಅಥವಾ ವೈದ್ಯರ ನಂಬರೂ ಇರಬೇಕು.

ಇಂಥವರು ಹೊರಗೆ ಬದುಕಲಾರರು ಎಂಬ ಮಾತು ಹೊಸತಲ್ಲ. ಲಂಡನ್ನಿನ ಫ್ರಯರ್ನ್ ಮತ್ತು ಕ್ಲೇಬರಿ ಎಂಬ ಎರಡು ದೊಡ್ಡ ಮಾನಸಿಕ ಆಸ್ಪತ್ರೆಗಳನ್ನು ಮುಚ್ಚಿದಾಗ ಜೂಲಿಯನ್ ಲೆಫ್ ಎಂಬ ಮನೋವೈದ್ಯರ ತಂಡ ಅಲ್ಲಿಂದ ಹೊರಬಂದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿತು. ಹೆಚ್ಚಿನವರು ಹೊರಗಿನ ಬದುಕಿಗೆ ಹೊಂದಿಕೊಂಡರು. ಕೊನೆಗೆ ಫ್ರಯರ್ನ್ ಆಸ್ಪತ್ರೆಯಲ್ಲಿ, ಎಲ್ಲಿಗೂ ಕಳಿಸಲಾಗದ ಕಷ್ಟದ ರೋಗಿಗಳು ಎಂದು 72 ಮಂದಿ ಉಳಿದರು. ಅವರನ್ನು ಜಾಸ್ತಿ ಸಿಬ್ಬಂದಿ ಇರುವ ಬೇರೆ ಘಟಕಗಳಲ್ಲಿ ಇಟ್ಟು ಆರೈಕೆ ಮಾಡಿದರು. ಐದು ವರ್ಷದ ಹೊತ್ತಿಗೆ ಅವರಲ್ಲೂ 40 ಶೇಕಡಾ ಮಂದಿ ಸಾಮಾನ್ಯ ಆರೈಕೆ ಮನೆಗಳಿಗೆ ಬಂದಿದ್ದರು. ನಮ್ಮಲ್ಲಿ ಅಷ್ಟು ಸಿಬ್ಬಂದಿ ಇಲ್ಲ, ಒಪ್ಪುತ್ತೇನೆ. ಆದರೆ ಇವತ್ತು ಆಗದ್ದು ಮೂರು ವರ್ಷದ ನಂತರವೂ ಆಗುವುದಿಲ್ಲ ಎಂದು ಷರಾ ಬರೆದುಬಿಡಬೇಡಿ.

ನಿಮ್ಮ ಮನೆ ಸರಿಯಾದ ಜಾಗವಾ? ನೀವು ಕೊಟ್ಟ ವಿವರ ನೋಡಿದರೆ, ಈಗಲೇ ಅಲ್ಲ ಎಂದು ನನಗನ್ನಿಸುತ್ತದೆ. ಹಾಗೆ ಹೇಳುವುದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಸ್ಕಿಜೋಫ್ರೇನಿಯಾ ಇರುವವರ ಮನೆಗಳ ಬಗ್ಗೆ ಇಂಗ್ಲೆಂಡಿನಲ್ಲಿ 1970ರ ದಶಕದಲ್ಲಿ ನಡೆದ ಅಧ್ಯಯನಗಳು ಒಂದು ಮುಖ್ಯ ವಿಷಯ ತೋರಿಸಿದವು. ಮನೆಯವರ ಟೀಕೆ, ಸಿಟ್ಟು, ಅತಿಯಾದ ಕಾಳಜಿ ಜಾಸ್ತಿ ಇದ್ದಲ್ಲಿ ಕಾಯಿಲೆ ಬೇಗ ಮರುಕಳಿಸುತ್ತದೆ. ಅಂಥ ಮನೆಯಲ್ಲಿ ವಾರಕ್ಕೆ 35 ಗಂಟೆಗಿಂತ ಜಾಸ್ತಿ ಹೊತ್ತು ಎದುರುಬದುರು ಇದ್ದರೆ ಇನ್ನೂ ಬೇಗ. ಹೆದರಿದ ಸೊಸೆ, ನಡುವೆ ಸಿಕ್ಕಿಕೊಂಡ ನೀವು, ದಿನವಿಡೀ ಒಂದೇ ಚಾವಡಿಯಲ್ಲಿ ಅಣ್ಣ. ಇದು ಯಾರಿಗೂ ಒಳ್ಳೆಯದಲ್ಲ. ಹತ್ತಿರ ಇದ್ದೂ ಬೇರೆ ಇರುವುದು, ಹಗಲು ಹೊರಗೆ ಹೋಗಿ ಬರುವುದು, ಇಂಥ ಏರ್ಪಾಡು ಅನೇಕರಿಗೆ ಕೂಡಿ ಬಂದಿದೆ.

ತಂಗಿ ಹೇಳುವ ಆಶ್ರಮದ ಬಗ್ಗೆಯೂ ನೇರವಾಗಿ ಹೇಳುತ್ತೇನೆ. ಸೇವಾ ಮನೋಭಾವದ ಒಳ್ಳೆಯ ಸಂಸ್ಥೆಗಳು ಇವೆ. ನಮ್ಮ ಮಂಜೇಶ್ವರದ ಸ್ನೇಹಾಲಯ ಬೀದಿಯಲ್ಲಿ ಅಲೆಯುವವರನ್ನು ಕರೆತಂದು ಆರೈಕೆ ಮಾಡಿ, ಮನೆಯವರನ್ನು ಹುಡುಕಿ ಕಳಿಸುತ್ತದೆ. ಯಾರೂ ಇಲ್ಲದವರಿಗಾಗಿ ಕೇರಳ ಸರಕಾರದ ಸಾಮಾಜಿಕ ನ್ಯಾಯ ಇಲಾಖೆಯ ಆಶಾ ಭವನಗಳಿವೆ. ಆದರೆ 'ಆಶ್ರಮ' ಎಂಬ ಬೋರ್ಡಿನ ಹಿಂದೆ ಏನೆಲ್ಲ ಇರಬಹುದು ಎಂಬುದಕ್ಕೆ ತಮಿಳುನಾಡಿನ ಏರ್ವಾಡಿ ಸಾಕ್ಷಿ. 2001ರ ಆಗಸ್ಟ್ 6ರಂದು ಅಲ್ಲಿ ಒಂದು ಖಾಸಗಿ ಆಶ್ರಯದಲ್ಲಿ ಬೆಂಕಿ ಬಿದ್ದಾಗ 28 ಮಂದಿ ಸತ್ತರು. ಸರಪಳಿಯಲ್ಲಿ ಕಟ್ಟಿದ್ದರಿಂದ ಓಡಲಾಗಲಿಲ್ಲ. ಈಗ ಸರಪಳಿ ಹಾಕುವುದು ಕಾನೂನು ಪ್ರಕಾರ ಅಪರಾಧ. ಒತ್ತಾಯದಿಂದ ತಲೆ ಬೋಳಿಸುವಂತಿಲ್ಲ, ತಮ್ಮದೇ ಬಟ್ಟೆ ಹಾಕಿಕೊಳ್ಳುವ ಹಕ್ಕಿದೆ, ಕೆಲಸ ಮಾಡಿಸಿದರೆ ಕೂಲಿ ಕೊಡಬೇಕು. ಇನ್ನೊಂದು ವಿಷಯ. ಮಹಾರಾಷ್ಟ್ರದಲ್ಲಿ ಮಾನಸಿಕ ಆಸ್ಪತ್ರೆಗಳಿಂದ ಜನರನ್ನು ಭಿಕ್ಷುಕರ ಮನೆಗಳಿಗೆ, ವೃದ್ಧಾಶ್ರಮಗಳಿಗೆ ಸಾಗಿಸುತ್ತಿದ್ದುದನ್ನು 2021ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಲು ಹೇಳಿತು. ಒಂದು ಗೋಡೆಯಿಂದ ಇನ್ನೊಂದು ಗೋಡೆಯೊಳಗೆ ದಾಟಿಸುವುದು ಪುನರ್ವಸತಿ ಅಲ್ಲ.

ಹಾಗಾಗಿ ನೋಡಲು ಹೋದಾಗ ಆಫೀಸಿನಲ್ಲಿ ಕೂತು ಬರಬೇಡಿ. ಊಟದ ಹೊತ್ತಿಗೆ, ಸಾಧ್ಯವಾದರೆ ಹೇಳದೆ ಹೋಗಿ. ಎಲ್ಲರ ತಲೆಯೂ ಒಂದೇ ತರಹ ಬೋಳಾಗಿದ್ದರೆ ಅಲ್ಲಿಂದಲೇ ತಿರುಗಿ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ಕೇಳಿ. ಮನೋವೈದ್ಯರು ಯಾವ ದಿನ ಬರುತ್ತಾರೆ, ಸಕ್ಕರೆ ಯಾರು ಪರೀಕ್ಷಿಸುತ್ತಾರೆ, ರಾತ್ರಿ ಎಷ್ಟು ಜನಕ್ಕೆ ಎಷ್ಟು ಸಿಬ್ಬಂದಿ, ಕಳೆದ ವರ್ಷ ಎಷ್ಟು ಮಂದಿ ಇಲ್ಲಿಂದ ಹೊರಗೆ ಹೋದರು, ಎಲ್ಲಿಗೆ ಹೋದರು, ಕೇಳಿ. ಯಾರೂ ಹೊರಗೆ ಹೋಗಿಲ್ಲ ಎಂದರೆ ಅದು ಇನ್ನೊಂದು ಆಸ್ಪತ್ರೆ ಅಷ್ಟೇ.

ಭಾಷೆಯ ವಿಷಯ ಸ್ವಲ್ಪ ಜಾಸ್ತಿ ಹೇಳುತ್ತೇನೆ. ನಮ್ಮ ಕಾಸರಗೋಡಿನವರಿಗೆ ಇದು ಬೇರೆಲ್ಲರಿಗಿಂತ ದೊಡ್ಡ ವಿಷಯ, ಮತ್ತು ಫೈಲಿನಲ್ಲಿ ಇದಕ್ಕೆ ಕಾಲಮ್ಮೇ ಇರುವುದಿಲ್ಲ. ಕೇರಳದ ಮೂರು ಸರಕಾರಿ ಮಾನಸಿಕ ಆರೋಗ್ಯ ಕೇಂದ್ರಗಳಿರುವುದು ತಿರುವನಂತಪುರ, ತೃಶ್ಶೂರು ಮತ್ತು ಕೋಝಿಕ್ಕೋಡಿನಲ್ಲಿ. ಅಲ್ಲಿ ತುಳು ಬಲ್ಲವರು ಎಷ್ಟು ಮಂದಿ ಸಿಗುತ್ತಾರೆ? 'ಮಾತಾಡುವುದಿಲ್ಲ, ಒಂಟಿಯಾಗಿರುತ್ತಾರೆ, ಭಾವನೆ ತೋರಿಸುವುದಿಲ್ಲ' ಎಂದು ಬರೆದಿದ್ದರೆ ಅದು ಎಷ್ಟು ಕಾಯಿಲೆ, ಎಷ್ಟು ಭಾಷೆ ಎಂದು ಕೇಳಲೇಬೇಕು. ಪಕ್ಕದಲ್ಲಿ ಕೂತು 'ದಾನೆ ಅಣ್ಣ, ವನಸ್ ಆಂಡಾ?' (ಏನಣ್ಣ, ಊಟ ಆಯಿತಾ?) ಎಂದು ತುಳುವಿನಲ್ಲಿ ಕೇಳಿದಾಗ ಮುಖ ಅರಳಿದವರನ್ನು ನಾನು ನೋಡಿದ್ದೇನೆ. ಸಂಶಯದ ಕಾಯಿಲೆ ಇರುವವರಿಗೆ, ಸುತ್ತಲಿನವರು ಅರ್ಥವಾಗದ ಭಾಷೆಯಲ್ಲಿ ನಗುತ್ತಾ ಮಾತಾಡಿದರೆ ತಮ್ಮ ಬಗ್ಗೆಯೇ ಅನ್ನಿಸುವುದು ಸಹಜ ಅಲ್ವಾ? ಬಿಡುಗಡೆಗೆ ಮೊದಲು ತುಳು ಅಥವಾ ಕನ್ನಡ ಬಲ್ಲ ವೈದ್ಯರಿಂದ ಅಥವಾ ಸೈಕಾಲಜಿಸ್ಟರಿಂದ ಒಮ್ಮೆ ಪೂರ್ತಿ ಮಾತಾಡಿಸಬೇಕೆಂದು ಲಿಖಿತವಾಗಿ ಕೇಳಿ, ವೀಡಿಯೊ ಕರೆಯಲ್ಲಾದರೂ ಆಗಬಹುದು. ಜಾಗ ಆಯ್ಕೆ ಮಾಡುವಾಗಲೂ ತುಳು ಕೇಳುವ ಕಡೆಗೆ ಮೊದಲ ಸ್ಥಾನ ಕೊಡಿ. ಸೌಕರ್ಯ ಸ್ವಲ್ಪ ಕಡಿಮೆ ಇದ್ದರೂ, ದೂರದ ಒಳ್ಳೆಯ ಕಟ್ಟಡಕ್ಕಿಂತ ಮಾತು ತಿಳಿಯುವ ಜಾಗವೇ ನನ್ನ ಆಯ್ಕೆ.

ಹಾಗಾದರೆ ಮಂಗಳೂರಿನ ಕಡೆ ನೋಡೋಣವೇ ಎಂದು ನಿಮಗೆ ಅನ್ನಿಸಬಹುದು. ಪುತ್ತೂರಿನ ತಂಗಿಗೂ ಅದು ಹತ್ತಿರ. ನೋಡಬಹುದು, ಆದರೆ ಗಡಿ ದಾಟಿದರೆ ಏನೇನು ಬಿಟ್ಟುಹೋಗುತ್ತದೆ ಎಂದು ಲೆಕ್ಕ ಹಾಕಿ. ಪೆನ್ಷನ್, ರೇಷನ್ ಕಾರ್ಡು, ಸರಕಾರಿ ಮಾತ್ರೆ, ಎಲ್ಲವೂ ಕೇರಳದ ವಿಳಾಸಕ್ಕೆ ಅಂಟಿಕೊಂಡಿರುವಂಥವು. 2020ರ ಮಾರ್ಚಿನಲ್ಲಿ, ಕೊರೊನಾ ಕಾಲದಲ್ಲಿ, ಗಡಿಯ ತಲಪಾಡಿಯಲ್ಲಿ ಕರ್ನಾಟಕ ರಸ್ತೆ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ರೋಗಿಗಳ ಪಾಡು ಏನಾಯಿತು ಎಂಬುದು ನಮಗೆಲ್ಲ ಗೊತ್ತು. ಮಂಗಳೂರಿನ ವೈದ್ಯರಿಗೆ ತೋರಿಸಿದರೂ ತಿಂಗಳ ಮಾತ್ರೆ ಕಾಸರಗೋಡಿನ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್ಕಿನಿಂದ ಸಿಗುವ ಹಾಗೆ ನೋಡಿಕೊಳ್ಳಿ. ಈ ಕ್ಲಿನಿಕ್ ನಿಮ್ಮ ಹತ್ತಿರ ಯಾವ ಆಸ್ಪತ್ರೆಯಲ್ಲಿ, ತಿಂಗಳಿನ ಯಾವ ದಿನ ನಡೆಯುತ್ತದೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಅಲ್ಲಿಗೆ ಬಿಡುಗಡೆಗೆ ಮೊದಲೇ ಫೈಲ್ ಹೋಗಬೇಕು, ಆಮೇಲೆ ಅಲ್ಲ.

ಮಾತ್ರೆಯ ಬಗ್ಗೆ ಒಂದು ವಿಷಯ ಮರೆಯಬೇಡಿ. ಅಣ್ಣನಿಗೆ ಕ್ಲೊಜಪಿನ್ ಕೊಡುತ್ತಿದ್ದಾರಾ ಕೇಳಿ. ಬೇರೆ ಮಾತ್ರೆಗೆ ಬಗ್ಗದ ಕಾಯಿಲೆಗೆ ಕೊಡುವ ಒಳ್ಳೆಯ ಔಷಧಿ ಅದು. ಆದರೆ ಬಿಳಿ ರಕ್ತಕಣ ಕಡಿಮೆಯಾಗುವ ಅಪಾಯ ಇರುವುದರಿಂದ ಆಗಾಗ ರಕ್ತ ಪರೀಕ್ಷೆ ಬೇಕು. ಮಲಬದ್ಧತೆಯನ್ನೂ ಲಘುವಾಗಿ ಕಾಣಬಾರದು. ಬೀಡಿಯ ಹೊಗೆ ಈ ಮಾತ್ರೆಯನ್ನು ಲಿವರಿನಲ್ಲಿ ಬೇಗ ಕರಗಿಸಿಬಿಡುತ್ತದೆ. ಆಸ್ಪತ್ರೆಯಲ್ಲಿ ಬೀಡಿ ಸಿಗದೆ ಇದ್ದವರು ಊರಿಗೆ ಬಂದು ದಿನಕ್ಕೊಂದು ಕಟ್ಟು ಸೇದತೊಡಗಿದರೆ ಅದೇ ಡೋಸು ಸಾಲದೆ ಕಾಯಿಲೆ ತಲೆಯೆತ್ತುತ್ತದೆ. ಮನೆಯವರು 'ಊರಿನ ಗಾಳಿ ಆಗಿಬರಲಿಲ್ಲ' ಅನ್ನುತ್ತಾರೆ. ಎರಡು ದಿನಕ್ಕಿಂತ ಜಾಸ್ತಿ ಈ ಮಾತ್ರೆ ತಪ್ಪಿದರೆ ಹಳೆಯ ಡೋಸನ್ನು ಒಮ್ಮೆಲೇ ನುಂಗಿಸಬಾರದು, ವೈದ್ಯರನ್ನು ಕೇಳಿ ಸಣ್ಣದರಿಂದ ಮತ್ತೆ ಶುರು ಮಾಡಬೇಕು. ಮಾತ್ರೆ ಮರೆಯುವವರಾದರೆ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಅವರಿಗೆ ಆಗುತ್ತದಾ ಎಂದೂ ಕೇಳಿ. ಇನ್ನು ಸಕ್ಕರೆ. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಂಡು ಊಟ ತಪ್ಪಿದರೆ ರಕ್ತದಲ್ಲಿ ಸಕ್ಕರೆ ಇಳಿದು ಬೆವರು, ನಡುಕ, ತಬ್ಬಿಬ್ಬು ಬರಬಹುದು. ಅದನ್ನು ಹುಚ್ಚು ಕೆರಳಿತು ಎಂದು ತಿಳಿದು ಕೋಣೆಯಲ್ಲಿ ಕೂಡಿಹಾಕಿದರೆ ಜೀವಕ್ಕೇ ಅಪಾಯ. ನೋಡಿಕೊಳ್ಳುವವರಿಗೆ ಇದನ್ನು ಮೊದಲೇ ಹೇಳಿಕೊಟ್ಟಿರಬೇಕು.

ನನ್ನ ಸಲಹೆ ಏನು? ಅಣ್ಣನನ್ನು ನಾನು ನೋಡಿಲ್ಲ, ಕೊನೆಯ ಮಾತು ಅವರದು ಮತ್ತು ಚಿಕಿತ್ಸೆ ಕೊಡುವವರದು. ಆದರೂ ನಿಮ್ಮ ಜಾಗದಲ್ಲಿ ನಾನಿದ್ದರೆ ಒಂದೇ ಹಾರಿಗೆ ಮನೆ ಸೇರಿಸಲು ಹೋಗುತ್ತಿರಲಿಲ್ಲ. ಮೊದಲು ಕಾಸರಗೋಡಿನಲ್ಲಿ ಅಥವಾ ಹತ್ತಿರದಲ್ಲಿ, ನೀವು ಬೆಳಗ್ಗೆ ಹೊರಟು ಸಂಜೆಗೆ ವಾಪಸಾಗಬಹುದಾದ ನೋಂದಾಯಿತ ಪುನರ್ವಸತಿ ಕೇಂದ್ರ. ಅಲ್ಲಿ ಅಡುಗೆ, ಹಣ, ಬಸ್ಸು, ಮಾತ್ರೆ ಇವುಗಳ ಅಭ್ಯಾಸ. ಆಮೇಲೆ ಪೆರ್ಲ ಅಥವಾ ಬದಿಯಡ್ಕದ ಪೇಟೆ ಬದಿಯಲ್ಲಿ ಒಂದು ಬಾಡಿಗೆ ಮನೆ, ಸಾಧ್ಯವಾದರೆ ಇಂಥದೇ ಇನ್ನಿಬ್ಬರು ಮೂವರ ಜೊತೆ, ನೋಡಿಕೊಳ್ಳಲು ಒಬ್ಬರು. ಇದು ಕನಸಿನ ಮಾತಲ್ಲ. 1993ರಲ್ಲಿ ಚೆನ್ನೈಯಲ್ಲಿ ಶುರುವಾದ ದಿ ಬನ್ಯನ್ ಸಂಸ್ಥೆ 'ಹೋಮ್ ಅಗೇನ್' ಹೆಸರಿನಲ್ಲಿ ಇದನ್ನೇ ಮಾಡುತ್ತಿದೆ. ವರ್ಷಗಟ್ಟಲೆ ಆಸ್ಪತ್ರೆಯಲ್ಲಿದ್ದ ನಾಲ್ಕೈದು ಮಂದಿ ಊರ ನಡುವಿನ ಸಾಮಾನ್ಯ ಬಾಡಿಗೆ ಮನೆಯಲ್ಲಿ, ಜೊತೆಗೆ ಆರೈಕೆಯವರೊಬ್ಬರು. ತಮಿಳುನಾಡಿನ ಆಚೆಗೆ ಕೇರಳ, ಮಹಾರಾಷ್ಟ್ರದಲ್ಲೂ ಇಂಥ ಮನೆಗಳು ಬಂದಿವೆ. ಕಾಸರಗೋಡಿಗೂ ಬೇಕು ಎಂದು ಜಿಲ್ಲಾ ಸಾಮಾಜಿಕ ನ್ಯಾಯ ಅಧಿಕಾರಿಗೆ ನಿಮ್ಮಂಥ ನಾಲ್ಕು ಮನೆಯವರು ಸೇರಿ ಮನವಿ ಕೊಡಿ. ನಮ್ಮ ಪಂಚಾಯತುಗಳಲ್ಲಿ ಹಾಸಿಗೆ ಹಿಡಿದವರ ಆರೈಕೆಗೆ ಪಾಲಿಯೇಟಿವ್ ನರ್ಸ್ ಮನೆಮನೆಗೆ ಹೋಗುತ್ತಾರೆ, ಹೆಂಗಸರ ಸ್ವಸಹಾಯ ಸಂಘಗಳ ಕುಟುಂಬಶ್ರೀ ಇದೆ, ಆಶಾ ಇದ್ದಾರೆ. ಕೋಝಿಕ್ಕೋಡಿನ ಮೆಂಟಲ್ ಹೆಲ್ತ್ ಆ್ಯಕ್ಷನ್ ಟ್ರಸ್ಟ್ 2008ರಿಂದ ಊರಿನ ಸ್ವಯಂಸೇವಕರನ್ನೇ ನಂಬಿ ಬಡ ರೋಗಿಗಳಿಗೆ ಚಿಕಿತ್ಸೆ ತಲುಪಿಸುತ್ತಿದೆ. ಹಾಸಿಗೆ ಹಿಡಿದವರನ್ನು ಇಷ್ಟು ಚೆನ್ನಾಗಿ ನೋಡಿಕೊಳ್ಳುವ ಊರಿಗೆ ಇದು ಮಾತ್ರ ಯಾಕಾಗಬಾರದು?

ಹೊಸ ಜಾಗಕ್ಕೆ ಒಮ್ಮೆಲೇ ಸಾಗಿಸಬೇಡಿ. ಕಾಯಿದೆಯ 91ನೇ ಸೆಕ್ಷನ್ ಪ್ರಕಾರ ಆಸ್ಪತ್ರೆಯಿಂದ ರಜೆಯ ಮೇಲೆ ಹೊರಗೆ ಕಳಿಸಲು ಅವಕಾಶವಿದೆ. ಮೊದಲು ಒಂದು ಹಗಲು, ಮುಂದೆ ಎರಡು ರಾತ್ರಿ, ಆಮೇಲೆ ಹದಿನೈದು ದಿನ. ಊರಿನ ಮೊದಲ ಭೇಟಿಯನ್ನು ದೈವದ ನೇಮಕ್ಕೋ ಮದುವೆಗೋ ಇಟ್ಟುಕೊಳ್ಳಬೇಡಿ. ಆ ಜನ, ಆ ಚೆಂಡೆ, ಎಲ್ಲರ ಕಣ್ಣು ಅವರ ಮೇಲೆ, ತಡೆಯುವುದು ಕಷ್ಟ. ಸಾಮಾನ್ಯ ದಿನ ಬರಲಿ, ತೋಟ ನೋಡಲಿ, ಗಂಜಿ ಉಣ್ಣಲಿ. ಅಷ್ಟರಲ್ಲಿ ಸೊಸೆಗೂ ಅವರನ್ನು ಕಣ್ಣಾರೆ ನೋಡಿದ ಹಾಗಾಗುತ್ತದೆ. ಆಕೆ ಇದುವರೆಗೆ ಕೇಳಿರುವುದು ಕಥೆಗಳನ್ನು ಮಾತ್ರ.

ಕಾಗದ ಪತ್ರಗಳಲ್ಲಿ ಮುಖ್ಯವಾದದ್ದು ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡು. 40 ಶೇಕಡಾ ಅಥವಾ ಜಾಸ್ತಿ ಇದ್ದರೆ ಪೆನ್ಷನ್ ಮುಂತಾದ ದಾರಿಗಳು ತೆರೆಯುತ್ತವೆ. ಆಸ್ಪತ್ರೆಯಲ್ಲಿರುವಾಗಲೇ ಮಾಡಿಸುವುದು ಸುಲಭ. ರೇಷನ್ ಕಾರ್ಡಿನಿಂದ ಹೆಸರು ತೆಗೆದಿದ್ದರೆ ಮತ್ತೆ ಸೇರಿಸಿ. ನೋಡಿಕೊಳ್ಳುವವರಿಗೆ ತಿಂಗಳ ಸಹಾಯಧನ ಕೊಡುವ ಆಶ್ವಾಸಕಿರಣಂ ಯೋಜನೆಗೆ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಎಂದೂ ವಿಚಾರಿಸಿ. ಅಪ್ಪನ ಜಾಗದಲ್ಲಿ ಅಣ್ಣನಿಗೆ ಪಾಲು ಇದೆಯಲ್ಲ, ಅದರ ಬಗ್ಗೆ ನೀವು ಬರೆದಿಲ್ಲ. ಅವರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವ ಯೋಚನೆ ಯಾರಿಗಾದರೂ ಇದ್ದರೆ ಈಗಲೇ ಬಿಡಿ. ನಾಳೆ ಅವರ ಬಾಡಿಗೆಗೆ, ಆರೈಕೆಯವರ ಸಂಬಳಕ್ಕೆ ಆ ಪಾಲೇ ಆಧಾರ. ಅವರ ನಾಮನಿರ್ದೇಶಿತ ಪ್ರತಿನಿಧಿಯಾಗಿ ನೀವು ಚಿಕಿತ್ಸೆಯ ವಿಷಯದಲ್ಲಿ ನೆರವಾಗಬಹುದು. ಆಸ್ತಿಯ ಮೇಲೆ ಅದರಿಂದ ಅಧಿಕಾರ ಬರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನಿಮ್ಮ ಪತ್ರದಲ್ಲಿ ಒಂದು ಮಾತು ಸಿಗಲಿಲ್ಲ: ಅಣ್ಣ ಏನು ಹೇಳುತ್ತಾರೆ? ಅವರನ್ನು ಕೇಳಿ, ತುಳುವಿನಲ್ಲೇ ಕೇಳಿ. ಒಂದು ಸಲಕ್ಕೆ ಉತ್ತರ ಬರಲಿಕ್ಕಿಲ್ಲ. 'ಇಲ್ಲೇ ಇರುತ್ತೇನೆ' ಅನ್ನಲೂಬಹುದು; ಹದಿನಾಲ್ಕು ವರ್ಷ ಅದೇ ಮಂಚ, ಅದೇ ಗೋಡೆ ನೋಡಿದವರಿಗೆ ಹೊರಗಿನದು ಭಯ. ಎಲ್ಲಿ ಇರುತ್ತೀರಿ ಎಂದು ಕೇಳುವ ಬದಲು ಎರಡು ಜಾಗ ತೋರಿಸಿ ಯಾವುದು ಆಗಬಹುದು ಎಂದು ಕೇಳಿದರೆ ಹೇಳಲು ಸುಲಭ. ಒಬ್ಬರೇ ಮಲಗುತ್ತಾರಾ, ಜೊತೆ ಬೇಕಾ, ಯಾವ ಕೆಲಸ ಇಷ್ಟ, ಯಾರನ್ನು ನೋಡಬೇಕು ಅನ್ನಿಸುತ್ತದೆ, ಇವನ್ನೂ ಕೇಳಿ.

ಆಮೇಲೆ ಆಸ್ಪತ್ರೆಯ ಮೇಲಧಿಕಾರಿಗೆ ಒಂದು ಪತ್ರ ಬರೆಯಿರಿ. ಬಿಡುಗಡೆ ಯೋಜನೆ ಲಿಖಿತವಾಗಿ ಬೇಕು, ತುಳು ಅಥವಾ ಕನ್ನಡದಲ್ಲಿ ಮೌಲ್ಯಮಾಪನ ಬೇಕು, ರಜೆಯ ಮೇಲೆ ಹಂತಹಂತವಾಗಿ ಕಳಿಸಬೇಕು, ಜಿಲ್ಲಾ ಕ್ಲಿನಿಕ್ಕಿಗೆ ಫೈಲ್ ಕಳಿಸಬೇಕು ಎಂದು ನಾಲ್ಕೇ ವಿಷಯ. ಭಾಷಾ ಅಲ್ಪಸಂಖ್ಯಾತರಾದ ನಮಗೆ ಸರಕಾರಕ್ಕೆ ಕನ್ನಡದಲ್ಲಿ ಬರೆಯುವ ಹಕ್ಕಿದೆ. ಬೇಗ ಕೆಲಸ ಆಗಲಿ ಎಂದಿದ್ದರೆ ಮಲಯಾಳದ ಪ್ರತಿಯೂ ಜೊತೆಗಿರಲಿ. ನಕಲಿಗೆ ಸೀಲು ಹಾಕಿಸಿಕೊಳ್ಳಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಇದೇ ಕಾಯಿದೆಯಡಿ ದೂರು ಕೇಳುವ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಅರ್ಜಿ ಹಾಕಬಹುದು. ಅದಕ್ಕೆ ವಕೀಲರ ನೆರವು ಕಾಸರಗೋಡಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ಸಿಗುತ್ತದೆ.